ಹೊಲ ಹಸಿರಾದ ಮೇಲೆ ಬರುವ ಹಸಿವು

2023ರ ಮುಂಗಾರು ಕೈಕೊಟ್ಟದ್ದನ್ನು ನಮ್ಮಲ್ಲಿ ಯಾರೂ ಮರೆತಿರಲಿಕ್ಕಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಆಗ ಪೇಪರ್ ತೆಗೆದರೆ ಸಾಕು, ಎಲ್ ನಿನೊ ಅನ್ನುವ ಹೆಸರು ಕಣ್ಣಿಗೆ ಬೀಳುತ್ತಿತ್ತು. ಪೆಸಿಫಿಕ್ ಸಾಗರದ ನೀರು ಬಿಸಿಯಾದರೆ ನಮ್ಮ ಮಳೆ ಸೊರಗುತ್ತದೆ ಅನ್ನೋದು ಈಗ ಎಲ್ಲರಿಗೂ ಗೊತ್ತು. ಆದರೆ ಆ ಎಲ್ ನಿನೊ ನಮ್ಮನ್ನು ಒಣಗಿಸಿದ ಮೇಲೂ ಸುಮ್ಮನಾಗಲಿಲ್ಲ. ಕೆಲವೇ ತಿಂಗಳಲ್ಲಿ ಆಫ್ರಿಕಾದ ದಕ್ಷಿಣದ ದೇಶಗಳಿಗೂ ಕೈ ಹಾಕಿತು.

ಅಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ಮಳೆಗಾಲ. ವರ್ಷಕ್ಕೆ ಒಂದೇ ಬೆಳೆ. 2024ರ ಜನವರಿ ಕೊನೆಯಿಂದ ಮಳೆ ನಿಂತುಹೋಯಿತು, ಫೆಬ್ರವರಿ ಪೂರ್ತಿ ಒಣಗಿತು. ಫೆಬ್ರವರಿ 29ಕ್ಕೆ ಜಾಂಬಿಯಾ ರಾಷ್ಟ್ರೀಯ ವಿಪತ್ತು ಘೋಷಿಸಿತು. ಮಾರ್ಚ್‌ನಲ್ಲಿ ಮಲಾವಿ ತನ್ನ 28 ಜಿಲ್ಲೆಗಳಲ್ಲಿ 23ಕ್ಕೆ ಅದೇ ಮಾಡಿತು. ಏಪ್ರಿಲ್‌ನಲ್ಲಿ ಜಿಂಬಾಬ್ವೆ, ಆಮೇಲೆ ನಮೀಬಿಯಾ, ಲೆಸೊಥೊ. ಜಾಂಬಿಯಾ ಒಂದರಲ್ಲೇ 22 ಲಕ್ಷ ಹೆಕ್ಟೇರ್ ಮೆಕ್ಕೆಜೋಳದಲ್ಲಿ ಸುಮಾರು 10 ಲಕ್ಷ ಹೆಕ್ಟೇರ್ ಹಾಳಾಯಿತು.

ಮುಂದಿನ ವರ್ಷ ಮಳೆ ಚೆನ್ನಾಗಿ ಬಂತು. 2025ರಲ್ಲಿ ಜಾಂಬಿಯಾ ದಾಖಲೆಯ ಬೆಳೆ ತೆಗೆಯಿತು, ಸುಮಾರು 36 ಲಕ್ಷ ಟನ್. ಹಿಂದಿನ ವರ್ಷದ 15 ಲಕ್ಷದ ಎರಡು ಪಟ್ಟಿಗೂ ಜಾಸ್ತಿ. ಅಲ್ಲಿಗೆ ಬರ ಮುಗಿಯಿತು, ಆಹಾರ ನೆರವನ್ನೂ ನಿಲ್ಲಿಸಬಹುದು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಯಾಕೆ ಅಷ್ಟು ಸುಲಭವಲ್ಲ ಅಂತ ಹೇಳುವುದಕ್ಕೇ ಈ ಲೇಖನ.

ಕಾಳು ಕಟ್ಟದ ತೆನೆ

ಮೊದಲು ಮೆಕ್ಕೆಜೋಳದ ವಿಷಯ ಸ್ವಲ್ಪ ತಿಳಿದುಕೊಳ್ಳೋಣ. ಅದನ್ನು ಬಿಟ್ಟು ಅಲ್ಲಿನ ಹಸಿವು ಅರ್ಥವಾಗೋದಿಲ್ಲ.

ನಮ್ಮ ಹಾವೇರಿ, ದಾವಣಗೆರೆ ಕಡೆ ಎಕರೆಗಟ್ಟಲೆ ಮೆಕ್ಕೆಜೋಳ ಬೆಳೆಯುತ್ತೇವೆ. ಆದರೆ ಅದರಲ್ಲಿ ಬಹುಪಾಲು ಹೋಗೋದು ಕೋಳಿ ಫಾರಂಗೆ. ಉತ್ತರ ಕರ್ನಾಟಕದಲ್ಲಿ ಅದಕ್ಕೆ ಗೋವಿನ ಜೋಳ ಅನ್ನುವ ಹೆಸರೇ ಇದೆ. ಮಲಾವಿ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ಹಾಗಲ್ಲ, ಅಲ್ಲಿ ಊಟ ಅಂದರೆ ಮೆಕ್ಕೆಜೋಳ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಮೊದಲು ಗಂಜಿಯ ಹಾಗೆ ಬೇಯಿಸಿ, ಆಮೇಲೆ ಇನ್ನಷ್ಟು ಹಿಟ್ಟು ಹಾಕಿ ಮರದ ಕೋಲಿನಲ್ಲಿ ತೊಳಸಿ ಗಟ್ಟಿ ಮಾಡುತ್ತಾರೆ. ಮಲಾವಿಯಲ್ಲಿ ಅದು ನ್ಸಿಮಾ, ಜಿಂಬಾಬ್ವೆಯಲ್ಲಿ ಸಾಡ್ಜಾ. ಸೊಪ್ಪು, ಕಾಳು, ಒಣಮೀನಿನ ಜೊತೆ ಕೈಯಲ್ಲಿ ಮುರಿದು ತಿನ್ನುತ್ತಾರೆ. ಮಂಡ್ಯದವರನ್ನು ಆ ಅಡುಗೆಮನೆಯಲ್ಲಿ ಕೂರಿಸಿದರೆ ತೊಳಸುವ ಕೆಲಸ ಹೇಳಿಕೊಡಬೇಕಾಗಿಲ್ಲ. ಎಷ್ಟೇ ಬೇರೆ ತಿಂಡಿ ತಿಂದಿದ್ದರೂ ನ್ಸಿಮಾ ಉಣ್ಣದಿದ್ದರೆ ಊಟ ಮಾಡಿಲ್ಲ ಅಂತಲೇ ಅಲ್ಲಿಯವರ ಲೆಕ್ಕ.

ಈ ಬೆಳೆಗೆ ಒಂದು ದೊಡ್ಡ ದೌರ್ಬಲ್ಯ ಇದೆ. ಸೂಲಂಗಿ ಹೊರಟು, ತೆನೆಯಲ್ಲಿ ಕೂದಲಿನಂಥ ಎಳೆ ಬರುವ ಎರಡು ಮೂರು ವಾರ ನೀರು ಬೇಕೇ ಬೇಕು. ಆ ಹೊತ್ತಿನಲ್ಲಿ ಬಿಸಿಲು ಸುಟ್ಟರೆ ಪರಾಗ ಸಾಯುತ್ತದೆ, ಎಳೆ ತಡವಾಗಿ ಬರುತ್ತದೆ, ಕಾಳು ಕಟ್ಟೋದಿಲ್ಲ. ಗಿಡ ಆಳೆತ್ತರ ನಿಂತಿರುತ್ತದೆ. ತೆನೆ ಸುಲಿದರೆ ಬರೀ ಬೆಂಡು, ಅಲ್ಲೊಂದು ಇಲ್ಲೊಂದು ಹಲ್ಲು ಇದ್ದ ಹಾಗೆ ಕಾಳು. 2024ರ ಫೆಬ್ರವರಿ ಸರಿಯಾಗಿ ಆ ವಾರಗಳ ಮೇಲೇ ಬಂದು ಬಿದ್ದಿತ್ತು.

ಹಾಗಾದರೆ ಬರ ತಡೆಯುವ ಜೋಳ, ಸಜ್ಜೆ, ರಾಗಿ ಯಾಕೆ ಬೆಳೆಯಬಾರದು? ನಾವು ಕೇಳುವ ಮೊದಲ ಪ್ರಶ್ನೆ ಇದೇ, ಅಲ್ವಾ? ರಾಗಿಯಂತೂ ಅವರ ಖಂಡದ್ದೇ. ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದದ್ದು ಅದು. ಮೆಕ್ಕೆಜೋಳ ಅಮೆರಿಕದಿಂದ ಬಂದ ನೆಂಟ. ಜಿಂಬಾಬ್ವೆ ಸರ್ಕಾರ ಒಣಪ್ರದೇಶದ ರೈತರಿಗೆ ಸಿರಿಧಾನ್ಯ ಬಿತ್ತಿ ಅಂತ ಹೇಳುತ್ತಲೇ ಇದೆ. ಆದರೆ ರೈತರ ಲೆಕ್ಕವೂ ದಡ್ಡತನದ್ದಲ್ಲ. ಮೆಕ್ಕೆಜೋಳದ ತೆನೆಗೆ ಸಿಪ್ಪೆಯ ರಕ್ಷಣೆ ಇದೆ. ಬಿಳಿಜೋಳದ ತೆನೆ ಬಯಲಲ್ಲಿ ನಿಂತಿರುತ್ತದೆ. ಕ್ವೆಲಿಯಾ ಅನ್ನುವ ಗುಬ್ಬಿಗಾತ್ರದ ಹಕ್ಕಿ ಲಕ್ಷಗಟ್ಟಲೆ ಬಂದು ಇಳಿದರೆ ಸಂಜೆಯಾಗುವಷ್ಟರಲ್ಲಿ ಹೊಲ ಖಾಲಿ. ಹಿಂದೆ ಮಕ್ಕಳು ಹಕ್ಕಿ ಕಾಯುತ್ತಿದ್ದರು, ಈಗ ಶಾಲೆಗೆ ಹೋಗುತ್ತಾರೆ. ಅಟ್ಟಣೆ ಕಟ್ಟಿ ಕವಣೆ ಬೀಸಿದ ಅಜ್ಜಂದಿರು ಇನ್ನೂ ಇರುವ ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿಂದ ಆ ಧಾನ್ಯಗಳನ್ನು ಕುಟ್ಟುವ ಕಷ್ಟ ಬೇರೆ. ಅದು ಹೆಂಗಸರ ಪಾಲಿನದು.

ಹಸಿವಿನ ಕ್ಯಾಲೆಂಡರ್

ಮಲಾವಿಯ ದಕ್ಷಿಣದ ತುದಿಯಲ್ಲಿ ಶೀರೆ ನದಿಯ ಕಣಿವೆ ಇದೆ. ಅಲ್ಲಿನ ನ್ಸಾಂಜೆ ಜಿಲ್ಲೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆ ನನ್ನ ಕಲ್ಪನೆ, ಕಷ್ಟ ಕಲ್ಪನೆಯಲ್ಲ. ಒಬ್ಬ ತಾಯಿ, ಅವಳ ಅಮ್ಮ, ನಾಲ್ಕು ಮಕ್ಕಳು. ಗಂಡ ದುಡಿಯಲು ದಕ್ಷಿಣ ಆಫ್ರಿಕಾಕ್ಕೆ ಹೋದವನು ದುಡ್ಡು ಕಳಿಸೋದು ಅಪರೂಪ. ಒಂದೂವರೆ ಎಕರೆ ಹೊಲ, ಎರಡು ಮೇಕೆ, ನಾಲ್ಕು ಕೋಳಿ. 2023ರ ಮಾರ್ಚ್‌ನಲ್ಲಿ ಫ್ರೆಡ್ಡಿ ಚಂಡಮಾರುತ ದಕ್ಷಿಣ ಮಲಾವಿಯನ್ನು ಕೊಚ್ಚಿಕೊಂಡು ಹೋಗಿತ್ತು. ಅದರಿಂದ ಇನ್ನೂ ಎದ್ದಿರಲಿಲ್ಲ, ಅಷ್ಟರಲ್ಲಿ ಬರ.

2024ರ ಏಪ್ರಿಲ್: ಕೊಯ್ಲಿನ ತಿಂಗಳು. ಎಂಟು ಹತ್ತು ಮೂಟೆ ಬರಬೇಕಾದಲ್ಲಿ ಎರಡು ಮೂಟೆ ಬಂತು. ಆ ತಿಂಗಳು ಯಾರೂ ಹಸಿದಿರೋದಿಲ್ಲ ಅನ್ನೋದನ್ನು ಗಮನಿಸಿ. ಎರಡು ಮೂಟೆ ಇದೆಯಲ್ಲ.

ಜುಲೈ: ಮೂಟೆ ಖಾಲಿ. ಸಂತೆಯಲ್ಲಿ ಕೊಳ್ಳಬೇಕು. ಕೊಳ್ಳುವವರೆಲ್ಲ ಒಟ್ಟಿಗೆ ಬಂದಿದ್ದಾರೆ, ಮೆಕ್ಕೆಜೋಳದ ಬೆಲೆ ಏರಿದೆ. ಮೇಕೆ ಮಾರೋಣ ಅಂದರೆ ಊರಿನವರೆಲ್ಲ ಮೇಕೆ ಹಿಡಿದುಕೊಂಡು ನಿಂತಿದ್ದಾರೆ, ಮೇಕೆಯ ಬೆಲೆ ಇಳಿದಿದೆ. ಬರ ಅಂದರೆ ಈ ಕತ್ತರಿ: ಒಂದು ಕಡೆ ಏರುವ ಬೆಲೆ, ಇನ್ನೊಂದು ಕಡೆ ಇಳಿಯುವ ಬೆಲೆ. ಅಮರ್ತ್ಯ ಸೇನ್ ಹೇಳಿಕೊಟ್ಟ ಪಾಠ ಇದೇ. ಅಂಗಡಿಯಲ್ಲಿ ಧಾನ್ಯ ಇದ್ದರೂ ಕೊಳ್ಳುವ ಶಕ್ತಿ ಕೈತಪ್ಪಿದವನು ಹಸಿಯುತ್ತಾನೆ.

ನವೆಂಬರ್: ಮಳೆ ಬಂತು. ಬಿತ್ತಬೇಕು. ಬೀಜಕ್ಕಿಟ್ಟದ್ದನ್ನು ಸೆಪ್ಟೆಂಬರ್‌ನಲ್ಲೇ ತಿಂದಾಗಿದೆ. ಹೈಬ್ರಿಡ್ ಬೀಜ ಕೊಳ್ಳಲು ಸಾಲ. ಅಲ್ಲಿ ಊರಿನ ಲೇವಾದೇವಿ ಸಾಲಕ್ಕೆ ಕಟಪಿಲಾ ಅನ್ನುತ್ತಾರೆ, ಜಾಂಬಿಯಾದಲ್ಲಿ ಕಲೋಬಾ. ನಮ್ಮ ಮೀಟರ್ ಬಡ್ಡಿಯ ಅಣ್ಣತಮ್ಮಂದಿರು.

ಡಿಸೆಂಬರ್, ಜನವರಿ, ಫೆಬ್ರವರಿ: ಹೊಲ ಹಸಿರು. ಫೋಟೊ ತೆಗೆದರೆ ಬರ ಇತ್ತು ಅಂತ ಯಾರೂ ನಂಬೋದಿಲ್ಲ. ಹಸಿವು ತುದಿ ಮುಟ್ಟುವುದು ಸರಿಯಾಗಿ ಆಗಲೇ. ಮಳೆ ಕೈಕೊಟ್ಟು ಪೂರ್ತಿ ಒಂದು ವರ್ಷ ಆಗಿರುತ್ತದೆ. ಮಲಾವಿಯಲ್ಲಿ 57 ಲಕ್ಷ, ಜಾಂಬಿಯಾದಲ್ಲಿ 58 ಲಕ್ಷ ಜನ ತೀವ್ರ ಆಹಾರ ಸಂಕಟದಲ್ಲಿರುತ್ತಾರೆ ಅಂತ ಅಂದಾಜು ಮಾಡಿದ್ದು ಕೂಡ 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್‌ವರೆಗಿನ ಈ ತಿಂಗಳುಗಳಿಗೇ.

ಆ ತಾಯಿ ಈಗ ಏನು ಮಾಡುತ್ತಾಳೆ? ಕೂಲಿಗೆ ಹೋಗುತ್ತಾಳೆ. ಮಲಾವಿಯಲ್ಲಿ ಅದಕ್ಕೆ ಗನ್ಯು ಅನ್ನುತ್ತಾರೆ. ಉಳ್ಳವರ ಹೊಲದಲ್ಲಿ ಇಷ್ಟು ಸಾಲು ಕಳೆ ತೆಗೆದರೆ ಒಂದು ಬೋಗುಣಿ ಹಿಟ್ಟು. ಇಲ್ಲೊಂದು ಸಣ್ಣ ಸಂಗತಿ ಇದೆ, ನನ್ನ ಪ್ರಕಾರ ಇಡೀ ವಿಷಯದ ಕೀಲಿಕೈ ಅದು. ಕಳೆ ತೆಗೆಯಬೇಕಾದ ವಾರ ಎಲ್ಲರ ಹೊಲಕ್ಕೂ ಒಂದೇ. ಆ ವಾರ ಅವಳು ಪಕ್ಕದವನ ಹೊಲದಲ್ಲಿದ್ದರೆ ಅವಳ ಹೊಲದಲ್ಲಿ ಕಳೆ ಬೆಳೆಯುತ್ತದೆ. ಗೊಬ್ಬರ ಹಾಕಿದ್ದರೂ ಕಳೆಯೇ ಅದನ್ನು ಉಣ್ಣುತ್ತದೆ. ಮಳೆ ಎಷ್ಟೇ ಚೆನ್ನಾಗಿ ಬರಲಿ, ಅವಳಿಗೆ ಬರುವುದು ನಾಲ್ಕೇ ಮೂಟೆ. ಅದರಲ್ಲಿ ಎರಡು ಕಟಪಿಲಾಕ್ಕೆ. ಸರ್ಕಾರದ ಲೆಕ್ಕದಲ್ಲಿ ಒಳ್ಳೆಯ ವರ್ಷ, ಅವಳ ಮನೆಯಲ್ಲಿ ಬರದ ಎರಡನೇ ವರ್ಷ.

ಹಾಗಾಗಿ ಹಸಿರು ಹೊಲದ ನಡುವೆ ಕೊಡುವ ಹಿಟ್ಟಿನ ಮೂಟೆಗೆ ಎರಡು ಕೆಲಸ. ಒಂದು, ಹೊಟ್ಟೆ ತುಂಬಿಸೋದು. ಇನ್ನೊಂದು, ಅವಳನ್ನು ಅವಳ ಹೊಲದಲ್ಲೇ ಇರಿಸೋದು.

ಯಾರಿಗೆ ಕೊಡೋದು?

ಹಸಿವನ್ನು ಅಳೆಯೋದು ಹೇಗೆ ಅನ್ನುವುದಕ್ಕೆ ನೆರವಿನ ಲೋಕದಲ್ಲಿ ದೊಡ್ಡ ಶಾಸ್ತ್ರವೇ ಇದೆ. ಐಪಿಸಿ ಅನ್ನುವ ಐದು ಹಂತದ ಅಳತೆಗೋಲು ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ (ನಮ್ಮ ಹಳೆಯ ದಂಡಸಂಹಿತೆಗೂ ಇದಕ್ಕೂ ಸಂಬಂಧ ಇಲ್ಲ). ಒಂದನೇ ಹಂತ ನೆಮ್ಮದಿ, ಎರಡು ಒತ್ತಡ, ಮೂರು ಬಿಕ್ಕಟ್ಟು, ನಾಲ್ಕು ತುರ್ತು ಸ್ಥಿತಿ, ಐದು ಕ್ಷಾಮ. ಮೂರನೇ ಹಂತದ ವಿವರಣೆ ನೋಡಿ: ಊಟದಲ್ಲಿ ಕೊರತೆ ಬಿದ್ದವರಷ್ಟೇ ಅಲ್ಲ, ಊಟ ಸರಿದೂಗಿಸಲು ಬದುಕಿನ ಆಧಾರವನ್ನೇ ಮಾರುತ್ತಿರುವವರೂ ಅದರಲ್ಲಿ ಬರುತ್ತಾರೆ. ಮೇಕೆ ಮಾರಿ ಮೂರು ಹೊತ್ತು ಉಂಡವಳೂ ಬಿಕ್ಕಟ್ಟಿನಲ್ಲೇ ಇದ್ದಾಳೆ. ಕೊನೇ ಮೇಕೆ ಹೋದ ಮೇಲೆ ಹೋಗಿ ನೋಡಿದರೆ ತಡವಾಗಿರುತ್ತದೆ.

ಇನ್ನೊಂದು ಅಳತೆ ನನಗೆ ತುಂಬ ಹಿಡಿಸಿದ್ದು. ಸಮೀಕ್ಷೆಗೆ ಬಂದವರು ಮನೆಯವರಿಗೆ ಐದು ಪ್ರಶ್ನೆ ಕೇಳುತ್ತಾರೆ. ಕಳೆದ ಏಳು ದಿನದಲ್ಲಿ ಎಷ್ಟು ದಿನ ಇಷ್ಟವಿಲ್ಲದ, ಅಗ್ಗದ ಆಹಾರ ತಿಂದಿರಿ? ಎಷ್ಟು ದಿನ ಕಡ ತಂದಿರಿ? ಎಷ್ಟು ದಿನ ಕಡಿಮೆ ಬಡಿಸಿಕೊಂಡಿರಿ? ಎಷ್ಟು ದಿನ ಮಕ್ಕಳಿಗಾಗಿ ದೊಡ್ಡವರು ಕಡಿಮೆ ತಿಂದಿರಿ? ಎಷ್ಟು ದಿನ ಒಂದು ಹೊತ್ತಿನ ಊಟ ಬಿಟ್ಟಿರಿ? ಎಲ್ಲ ಉತ್ತರಕ್ಕೂ ಒಂದೇ ತೂಕವಲ್ಲ. ಕಡ ತಂದದ್ದಕ್ಕೆ ದಿನಕ್ಕೆ ಎರಡು ಅಂಕ. ಮಕ್ಕಳಿಗಾಗಿ ದೊಡ್ಡವರು ಬಿಟ್ಟದ್ದಕ್ಕೆ ಮೂರು. ಉಳಿದವಕ್ಕೆ ಒಂದೊಂದು. ನಮ್ಮ ಕಲ್ಪನೆಯ ತಾಯಿ ಐದು ದಿನ ಅಗ್ಗದ್ದು ತಿಂದು, ಎರಡು ದಿನ ಕಡ ತಂದು, ನಾಲ್ಕು ದಿನ ಕಡಿಮೆ ಬಡಿಸಿಕೊಂಡು, ಮೂರು ದಿನ ಮಕ್ಕಳಿಗಾಗಿ ಬಿಟ್ಟು, ನಾಲ್ಕು ದಿನ ಒಂದು ಹೊತ್ತು ಉಪವಾಸ ಇದ್ದಳು ಅನ್ನಿ. ಒಟ್ಟು 26. ಹತ್ತೊಂಬತ್ತು ಮುಟ್ಟಿದರೆ ಬಿಕ್ಕಟ್ಟಿನ ಸೂಚನೆ. ತಾಯಂದಿರು ಸದ್ದಿಲ್ಲದೆ ಮಾಡುವ ಕೆಲಸಕ್ಕೆ ಯಾರೋ ಕೂತು ಅಂಕ ಕೊಟ್ಟಿದ್ದಾರೆ ಅನ್ನಿಸಿತು.

ಸಮೀಕ್ಷೆ ಜಿಲ್ಲೆಯನ್ನು ಗುರುತಿಸುತ್ತದೆ. ಮನೆಯನ್ನು ಗುರುತಿಸೋದು ಊರು. ಮರದಡಿ ಸಭೆ ಸೇರಿಸಿ ಯಾರು ತೀರಾ ಬಡವರು ಅಂತ ಎಲ್ಲರೆದುರು ಹೆಸರು ಬರೆಯುತ್ತಾರೆ. ವಿಧವೆಯರು, ಅನಾಥ ಮಕ್ಕಳನ್ನು ಸಾಕುವ ಅಜ್ಜಿಯರು, ದುಡಿಯುವ ಕೈ ಇಲ್ಲದ ಮನೆಗಳು. ಊರ ಮುಖಂಡನ ನೆಂಟರು ಪಟ್ಟಿಗೆ ನುಸುಳದಂತೆ ದೂರು ಪೆಟ್ಟಿಗೆ, ಸಹಾಯವಾಣಿ ಇಡುತ್ತಾರೆ. ನಮ್ಮ ಬಿಪಿಎಲ್ ಕಾರ್ಡಿನ ಜಗಳ ನೋಡಿದವರಿಗೆ ಇದರ ಕಷ್ಟ ಗೊತ್ತು. ಮಲಾವಿಯಲ್ಲಿ ಇನ್ನೂ ಒಂದು ನಡೆಯುತ್ತದೆ. ಅಧಿಕಾರಿಗಳು ಹತ್ತು ಮನೆಗೆ ಮೂಟೆ ಕೊಟ್ಟು ಹೋದ ಮೇಲೆ ಊರವರು ಅದನ್ನು ಇಪ್ಪತ್ತು ಮನೆಗೆ ಹಂಚಿಕೊಳ್ಳೋದುಂಟು. ನಿಯಮದ ಪ್ರಕಾರ ಅದು ಸೋರಿಕೆ. ಊರಿನ ಲೆಕ್ಕದಲ್ಲಿ ಅದೇ ನ್ಯಾಯ: ಪಟ್ಟಿಯಲ್ಲಿ ಇದ್ದವನಿಗೂ ಇಲ್ಲದವನಿಗೂ ಇರುವ ಅಂತರ ಒಂದು ಕೋಳಿಯಷ್ಟೇ, ಮತ್ತು ನಾಳೆ ಕಡ ಕೇಳಬೇಕಾದ್ದು ಅವನ ಮನೆಯಲ್ಲೇ.

ಮೂಟೆಯೋ, ದುಡ್ಡೋ?

ಒಬ್ಬರಿಗೆ ದಿನಕ್ಕೆ 2,100 ಕ್ಯಾಲೊರಿ ಅನ್ನೋದು ತುರ್ತು ನೆರವಿನ ಸಾಮಾನ್ಯ ಲೆಕ್ಕ. ಅದನ್ನು ತಟ್ಟೆಗೆ ಇಳಿಸಿದರೆ ಸುಮಾರು 400 ಗ್ರಾಂ ಮೆಕ್ಕೆಜೋಳ, 60 ಗ್ರಾಂ ಬೇಳೆಕಾಳು, 25 ಗ್ರಾಂ ಎಣ್ಣೆ, ಜೊತೆಗೆ ಪೌಷ್ಟಿಕ ಹಿಟ್ಟು ಸ್ವಲ್ಪ. ತಿಂಗಳಿಗೆ ತಲೆಗೆ 12 ಕಿಲೋ ಮೆಕ್ಕೆಜೋಳ. ನೆರವಿನ ದುಡ್ಡು ಸಾಲದೆ ಹೋದಾಗ ಇದೇ ಅರ್ಧವಾಗುತ್ತದೆ.

ಬೇಳೆಕಾಳು ಯಾಕೆ, ಮೆಕ್ಕೆಜೋಳ ಇದ್ದರೆ ಸಾಲದೆ ಅಂತ ಯಾರಾದರೂ ಕೇಳಿದರೆ 1990ರ ಕಥೆ ಹೇಳಬೇಕು. ಅಂತರ್ಯುದ್ಧದಿಂದ ಓಡಿಬಂದ ಮೊಜಾಂಬಿಕ್ ನಿರಾಶ್ರಿತರು ಮಲಾವಿಯ ಶಿಬಿರಗಳಲ್ಲಿದ್ದರು. ಅವರ ಪಡಿತರದಲ್ಲಿ ಕಡಲೆಕಾಯಿ ಇತ್ತು. ಕೆಲವು ತಿಂಗಳು ಅದು ಬರಲಿಲ್ಲ. ಬರೀ ಮೆಕ್ಕೆಜೋಳ. ಮೆಕ್ಕೆಜೋಳದಲ್ಲಿ ನಿಯಾಸಿನ್ ಅನ್ನುವ ಬಿ ಜೀವಸತ್ವ ದೇಹಕ್ಕೆ ದಕ್ಕುವ ರೂಪದಲ್ಲಿ ಇರೋದಿಲ್ಲ. 18 ಸಾವಿರಕ್ಕೂ ಹೆಚ್ಚು ಜನಕ್ಕೆ ಪೆಲಾಗ್ರಾ ಬಂತು. ಬಿಸಿಲು ಬಿದ್ದ ಕಡೆ ಚರ್ಮ ಸುಟ್ಟ ಹಾಗೆ ಕಪ್ಪಾಗಿ ಸುಲಿಯುವ, ಭೇದಿ ಹಿಡಿಯುವ, ಕೊನೆಗೆ ಮಂಕು ಕವಿಸುವ ಕಾಯಿಲೆ. ಹೊಟ್ಟೆ ತುಂಬ ಉಂಡೇ ಬಂದ ಕಾಯಿಲೆ ಅದು.

ಈಗ ನಗದಿನ ವಿಷಯ. ಕರ್ನಾಟಕದಲ್ಲಿ ಈ ವಾದ ಹೊಸದಲ್ಲ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಸಿಗದೆ, ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬಂತು. 2025ರಲ್ಲಿ ಮತ್ತೆ ಅಕ್ಕಿಯೇ. ಅಕ್ಕಿ ಇದ್ದರೆ ಚೆಂದ, ದುಡ್ಡಾದರೆ ಬೇರೆಯದಕ್ಕೂ ಆಗುತ್ತದೆ ಅಂತ ಎರಡೂ ಮಾತು ಪ್ರತಿ ಮನೆಯಲ್ಲೂ ಕೇಳಿಬಂದವು.

ಆಫ್ರಿಕಾದ ದಕ್ಷಿಣದ ಆ ದೇಶಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಂತೆಯಲ್ಲಿದೆ. ಸಂತೆಯಲ್ಲಿ ಮೆಕ್ಕೆಜೋಳ ಇದ್ದು ಜನರ ಕೈಯಲ್ಲಿ ಕಾಸಿಲ್ಲದಿದ್ದರೆ ದುಡ್ಡು ಕೊಡೋದು ಅಗ್ಗ, ಬೇಗ, ಮರ್ಯಾದೆಯದ್ದು. ಅವಳು ಎಣ್ಣೆ ಬೇಕಾದರೆ ಎಣ್ಣೆ, ಬೀಜ ಬೇಕಾದರೆ ಬೀಜ ತರುತ್ತಾಳೆ. ಸಂತೆಯಲ್ಲೇ ಮೆಕ್ಕೆಜೋಳ ಇಲ್ಲದಿದ್ದರೆ ದುಡ್ಡು ಹಂಚಿದಷ್ಟೂ ಬೆಲೆ ಏರುತ್ತದೆ. ಮಲಾವಿ, ಜಾಂಬಿಯಾ, ಜಿಂಬಾಬ್ವೆ ಮೂರಕ್ಕೂ ಕಡಲತೀರ ಇಲ್ಲ. ಬೇರಾ, ಡರ್ಬನ್, ದಾರ್ ಎಸ್ ಸಲಾಮ್ ಬಂದರುಗಳಿಂದ ಲಾರಿಯಲ್ಲೋ ರೈಲಿನಲ್ಲೋ ನೂರಾರು ಕಿಲೋಮೀಟರ್ ಸಾಗಿಸಬೇಕು. ಇನ್ನು ಯಾವ ದುಡ್ಡು ಅನ್ನೋದೇ ಪ್ರಶ್ನೆ. 2023ರ ನವೆಂಬರ್‌ನಲ್ಲಿ ಮಲಾವಿ ತನ್ನ ಕರೆನ್ಸಿ ಕ್ವಾಚಾದ ಬೆಲೆ ಇಳಿಸಿತು, ಡಾಲರ್ ಶೇ. 44ರಷ್ಟು ದುಬಾರಿಯಾಯಿತು. 2024ರ ಏಪ್ರಿಲ್‌ನಲ್ಲಿ ಜಿಂಬಾಬ್ವೆ ಜಿಗ್ ಅನ್ನುವ ಹೊಸ ಕರೆನ್ಸಿ ತಂದಿತು, ಸೆಪ್ಟೆಂಬರ್ ಹೊತ್ತಿಗೆ ಅದರ ಬೆಲೆಯೂ ಕುಸಿಯಿತು. ತಿಂಗಳ ಮೊದಲು ಲೆಕ್ಕ ಹಾಕಿದ ಮೊತ್ತಕ್ಕೆ ತಿಂಗಳ ಕೊನೆಯಲ್ಲಿ ಮುಕ್ಕಾಲು ಮೂಟೆಯೂ ಬರದೇ ಹೋಗಬಹುದು.

ಮೂಟೆಗೂ ಅದರದೇ ರಾಜಕೀಯ ಇದೆ. 2002ರ ಬರದಲ್ಲಿ ಅಮೆರಿಕದಿಂದ ಬಂದ ಮೆಕ್ಕೆಜೋಳ ಕುಲಾಂತರಿ ತಳಿಯದ್ದು ಅಂತ ಜಾಂಬಿಯಾದ ಅಧ್ಯಕ್ಷ ಲೆವಿ ಮ್ವಾನವಾಸಾ ಅದನ್ನು ಬೇಡವೆಂದರು. ಜನ ಹಸಿದಿರುವಾಗ ಇದೇನು ಹಟ ಅಂತ ಜಗತ್ತು ಬೈಯಿತು. ನೆರೆಯ ದೇಶಗಳು ಒಂದು ದಾರಿ ಹುಡುಕಿದವು: ಹಿಟ್ಟು ಮಾಡಿಸಿ ತಗೊಳ್ಳೋದು. ಇಡೀ ಕಾಳು ಕೊಟ್ಟರೆ ರೈತ ಅದರಲ್ಲಿ ಒಂದು ಬೊಗಸೆ ಬಿತ್ತುತ್ತಾನೆ, ಹಿಟ್ಟನ್ನು ಯಾರೂ ಬಿತ್ತೋದಿಲ್ಲ. ಈ ಜಾಣ್ಮೆಗೆ ಬೆಲೆಯೂ ಇದೆ. ಗಿರಣಿ ಖರ್ಚು ಬೀಳುತ್ತದೆ, ಹಿಟ್ಟು ಬೇಗ ಮುಗ್ಗುತ್ತದೆ. ಮೇಲಿಂದ 2024ರಲ್ಲಿ ಬರದಿಂದ ಕರೀಬಾ ಜಲಾಶಯ ತಳ ಕಂಡು ಜಾಂಬಿಯಾದಲ್ಲಿ ದಿನಕ್ಕೆ 20 ಗಂಟೆ ಮೀರಿ ಕರೆಂಟ್ ಹೋಗುತ್ತಿತ್ತು. ಕರೆಂಟ್ ಇಲ್ಲದೆ ಊರ ಗಿರಣಿ ತಿರುಗೋದು ಹೇಗೆ?

ಭಾರತವೂ ಕೈಜೋಡಿಸಿತ್ತು. 2024ರಲ್ಲಿ ಜಿಂಬಾಬ್ವೆಗೆ 1,000 ಟನ್ ಅಕ್ಕಿ, ಮಲಾವಿಗೆ 1,000 ಟನ್ ಅಕ್ಕಿ, ಜಾಂಬಿಯಾಕ್ಕೆ 1,300 ಟನ್ ಮೆಕ್ಕೆಜೋಳ ಕಳಿಸಿತು. ಒಳ್ಳೆಯ ಕೆಲಸವೇ. ಆದರೆ ಅಳತೆ ತಿಳಿದಿರಲಿ: ತಲೆಗೆ ತಿಂಗಳಿಗೆ 12 ಕಿಲೋ ಅಂದರೆ 1,000 ಟನ್ ಸುಮಾರು 83 ಸಾವಿರ ಜನಕ್ಕೆ ಒಂದು ತಿಂಗಳು ಬರುತ್ತದೆ. ಮಲಾವಿಯಲ್ಲಿ ಬೇಕಿದ್ದವರು 57 ಲಕ್ಷ.

ವಿಮೆ ಮೋಸ ಮಾಡಿದ ವರ್ಷ

ಪ್ರತಿ ಬರಕ್ಕೂ ಜಗತ್ತಿನ ಮುಂದೆ ತಟ್ಟೆ ಹಿಡಿಯುವ ಬದಲು ವಿಮೆ ಮಾಡಿಸೋಣ ಅಂತ ಆಫ್ರಿಕಾ ಒಕ್ಕೂಟ 2012ರಲ್ಲಿ ಆಫ್ರಿಕನ್ ರಿಸ್ಕ್ ಕೆಪಾಸಿಟಿ ಅನ್ನುವ ಸಂಸ್ಥೆ ಮಾಡಿತು. ದೇಶಗಳು ಪ್ರೀಮಿಯಂ ಕಟ್ಟುತ್ತವೆ. ಉಪಗ್ರಹ ಮಳೆಯನ್ನು ಅಳೆಯುತ್ತದೆ, ಕಂಪ್ಯೂಟರ್ ಬೆಳೆಯ ಲೆಕ್ಕ ಹಾಕುತ್ತದೆ. ಇಂತಿಷ್ಟಕ್ಕಿಂತ ಕೆಟ್ಟರೆ ಯಾರೂ ಹೊಲಕ್ಕೆ ಹೋಗಿ ನೋಡಬೇಕಾಗಿಲ್ಲ, ದುಡ್ಡು ತಾನಾಗಿ ಬರುತ್ತದೆ. ಬೇಗ ಬರೋದೇ ಇದರ ಅಂದ.

2015-16ರಲ್ಲಿ ಮಲಾವಿ ಇದರ ಪಾಲಿಸಿ ಕೊಂಡಿತು. ಅದೇ ವರ್ಷ ಭಾರೀ ಬರ. 2016ರ ಏಪ್ರಿಲ್‌ನಲ್ಲಿ ಸರ್ಕಾರ ವಿಪತ್ತು ಘೋಷಿಸಿತು. ನೆರವು ಬೇಕಿದ್ದವರು 60 ಲಕ್ಷ ಮೀರಿದ್ದರು. ಕಂಪ್ಯೂಟರ್ ಹೇಳಿದ್ದು ಮಾತ್ರ ಬರೀ ಇಪ್ಪತ್ತು ಸಾವಿರದಷ್ಟು ಜನಕ್ಕೆ ತೊಂದರೆ, ಪರಿಹಾರ ಇಲ್ಲ ಅಂತ.

ಆಮೇಲೆ ಹೊಲಕ್ಕೆ ಹೋಗಿ ನೋಡಲೇಬೇಕಾಯಿತು. ಆಗ ಕಾರಣ ಸಿಕ್ಕಿತು. ಕಂಪ್ಯೂಟರ್‌ಗೆ ಕೊಟ್ಟಿದ್ದು ನಾಲ್ಕು ತಿಂಗಳು ಮೀರಿ ಬೆಳೆಯುವ ತಳಿಯ ಲೆಕ್ಕ. ರೈತರು ಅಷ್ಟರಲ್ಲಿ ಮೂರು ತಿಂಗಳ ತಳಿಗೆ ಬದಲಾಗಿದ್ದರು. ತಡವಾಗಿ ಬಂದ ಮಳೆಯನ್ನು ನೋಡಿದ ಕಂಪ್ಯೂಟರ್, ಕಾಳು ಕಟ್ಟೋಕೆ ನೀರು ಸಿಕ್ಕಿತು ಅಂದುಕೊಂಡಿತು. ಹೊಲದಲ್ಲಿ ಅಷ್ಟರಲ್ಲಿ ಬೆಳೆ ಸತ್ತಿತ್ತು. ಲೆಕ್ಕ ತಿದ್ದಿ 81 ಲಕ್ಷ ಡಾಲರ್ ಕೊಡುವುದಾಗಿ ಒಪ್ಪಿದರು. ಅದು ಕೈಸೇರುವಾಗ 2017 ಬಂದಿತ್ತು. ಬೇಗ ಸಿಗಲಿ ಅಂತಲೇ ಮಾಡಿಸಿದ್ದ ವಿಮೆ ಅದು. ಫಸಲ್ ಬಿಮಾದಲ್ಲಿ ಪಕ್ಕದ ಪಂಚಾಯಿತಿಗೆ ಬಂದು ತಮಗೆ ಬಾರದ ದುಡ್ಡಿಗಾಗಿ ಓಡಾಡಿದವರಿಗೆ ಮಲಾವಿಯ ಸಿಟ್ಟು ಅರ್ಥವಾದೀತು. ಮಲಾವಿ ಕೆಲಕಾಲ ದೂರ ಇದ್ದು ಮತ್ತೆ ಸೇರಿತು. 2024ರ ಬರಕ್ಕೆ 1 ಕೋಟಿ 12 ಲಕ್ಷ ಡಾಲರ್ ಬಂತು.

ಆ 2016ರ ಬರದ ಚೇತರಿಕೆಗೆ ಇನ್ನೊಂದು ಏಟು ಬಿದ್ದಿತ್ತು. 2016ರ ಕೊನೆಗೆ ಮಳೆ ಬಂದು ಬೆಳೆ ಮೊಣಕಾಲೆತ್ತರ ಬಂದಾಗ ಎಲೆಯ ಸುಳಿಯಲ್ಲಿ ಒಂದು ಹೊಸ ಹುಳು ಕಂಡಿತು. ಅಮೆರಿಕದಿಂದ ಆಫ್ರಿಕಾಕ್ಕೆ ಬಂದಿದ್ದ ಸೈನಿಕ ಹುಳು. ಹಲವರು ಎರಡೆರಡು ಸಲ ಬಿತ್ತಬೇಕಾಯಿತು. ಆ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ.

1,456 ಗುಂಡಿ

ನೆರವಿನ ಒಂದು ಪಾಲು ಕೆಲಸಕ್ಕೆ ಬದಲಾಗಿ ಸಿಗುತ್ತದೆ. ನಮ್ಮ ಕೂಲಿಗಾಗಿ ಕಾಳು ಯೋಜನೆಯ ಹಾಗೆ. ಸಣ್ಣ ಕಟ್ಟೆ, ಊರ ತರಕಾರಿ ತೋಟ, ದನ ಮೀಯಿಸುವ ಔಷಧದ ತೊಟ್ಟಿ. ಇವನ್ನು ಒಣಗಾಲದಲ್ಲಿ, ಮೇ ಕಳೆದ ಮೇಲೆ ಮಾಡಿಸುತ್ತಾರೆ. ಮಳೆ ಬಂದ ಮೇಲೆ ಮಾಡಿಸಿದರೆ ಅದೇ ಗನ್ಯು ಕಥೆ, ಮತ್ತೆ ಅವಳು ತನ್ನ ಹೊಲದಿಂದ ದೂರ. ದುಡಿಯಲಾರದವರಿಗೆ ಬೇರೆ ದಾರಿ ಇದೆ. ಮಲಾವಿಯಲ್ಲಿ 2006ರಲ್ಲಿ ಮ್ಚಿಂಜಿ ಜಿಲ್ಲೆಯಿಂದ ಶುರುವಾದ ಮ್ಟುಕುಲಾ ಪಖೋಮೊ ಅನ್ನುವ ನಗದು ಪಿಂಚಣಿಯಂಥ ಯೋಜನೆ ಇದೆ. ಬರ ಬಂದಾಗ ಅದೇ ಪಟ್ಟಿಯವರಿಗೆ ಸ್ವಲ್ಪ ಜಾಸ್ತಿ ದುಡ್ಡು ಹಾಕಬಹುದು. ಹೊಸದಾಗಿ ಪಟ್ಟಿ ಮಾಡುವ ಎರಡು ತಿಂಗಳು ಉಳಿಯುತ್ತದೆ.

ಜಿಂಬಾಬ್ವೆಯ ಪ್ಫುಂವುಡ್ಜಾ ಬೇರೆಯದೇ ಪ್ರಯೋಗ. 2020ರಿಂದ ಸರ್ಕಾರ ಇದನ್ನು ದೊಡ್ಡದಾಗಿ ಹಬ್ಬಿಸಿದೆ. ಉಳುವ ಎತ್ತು ಇಲ್ಲದವರಿಗೆ ಗುದ್ದಲಿಯ ಬೇಸಾಯ. 39 ಮೀಟರ್ ಉದ್ದ, 16 ಮೀಟರ್ ಅಗಲದ ತುಂಡು ನೆಲ. ಅದರಲ್ಲಿ 52 ಸಾಲು, ಸಾಲಿಗೆ 28 ಗುಂಡಿ. ಒಟ್ಟು 1,456. ಗುಂಡಿಗೆ ಒಂದಿಷ್ಟು ಗೊಬ್ಬರ, ಮೇಲೆ ಹುಲ್ಲಿನ ಹೊದಿಕೆ. 52 ಯಾಕೆ ಅಂದರೆ ವರ್ಷಕ್ಕೆ 52 ವಾರ. ಒಂದು ಸಾಲಿನ ಫಸಲು ಒಂದು ಬಕೆಟ್ ತುಂಬಬೇಕು, ಒಂದು ಬಕೆಟ್ ಮನೆಗೆ ಒಂದು ವಾರ ಬರಬೇಕು. ಇಷ್ಟು ಚಂದದ ಲೆಕ್ಕವನ್ನು ನಾನು ಬೇರೆಲ್ಲೂ ನೋಡಿಲ್ಲ. ಆದರೆ ಗುಂಡಿ ತೆಗೆಯುವ ಕಾಲ ಮಳೆಗೆ ಮುಂಚೆ, ನೆಲ ಕಲ್ಲಾಗಿರುವಾಗ, ಬರದ ವರ್ಷವಾದರೆ ಮೂಟೆ ಖಾಲಿಯಾದ ಮೇಲೆ. ಈ ಬಗೆಯ ಬೇಸಾಯಕ್ಕೆ ಶೋನಾ ಮಾತಿನಲ್ಲಿ ಜನ ಇಟ್ಟ ಅಡ್ಡಹೆಸರು ಧಿಗಾ ಉಫೆ: ಅಗೆದು ಸಾಯಿ. ಉಂಡವರು ಅಗೆದರೆ ಮಾತ್ರ ಈ 1,456ರ ಲೆಕ್ಕ ನಡೆಯುತ್ತದೆ.

ನೆರವಿನ ದುಡ್ಡು ಇಂಥ ಹೊತ್ತಿನಲ್ಲೇ ಬತ್ತುವುದು. ಟೀವಿಯಲ್ಲಿ ಬಿರುಕು ಬಿಟ್ಟ ನೆಲ ಕಂಡಾಗ ಕೊಡುವ ಕೈಗಳು ಹಸಿರು ಕಂಡಾಗ ಹಿಂದೆ ಸರಿಯುತ್ತವೆ. ಈ ಸಲ ಅದಕ್ಕೆ ರಾಜಕೀಯವೂ ಸೇರಿತು. 2025ರ ಜನವರಿಯಲ್ಲಿ, ಹಸಿವು ತುದಿಯಲ್ಲಿದ್ದ ತಿಂಗಳಲ್ಲೇ, ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. 1985ರಿಂದ ಅದೇ ದುಡ್ಡಿನಲ್ಲಿ ಬರದ ಮುನ್ಸೂಚನೆ ಕೊಡುತ್ತಿದ್ದ ಫ್ಯೂಸ್ ನೆಟ್ ಅನ್ನುವ ಜಾಲ ತಿಂಗಳುಗಟ್ಟಲೆ ಕಣ್ಮುಚ್ಚಿತು. ಮಾರ್ಚ್‌ನಲ್ಲಿ ವಿಶ್ವ ಆಹಾರ ಕಾರ್ಯಕ್ರಮ ಜೊಹಾನ್ಸ್‌ಬರ್ಗ್‌ನ ತನ್ನ ಪ್ರಾದೇಶಿಕ ಕಚೇರಿ ಮುಚ್ಚುವುದಾಗಿ ಹೇಳಿತು.

ನ್ಸಾಂಜೆಯ ಆ ಮನೆಗೆ ಮತ್ತೆ ಬರೋಣ. ಮಾರ್ಚ್‌ವರೆಗೆ ಅವಳಿಗೆ ಹಿಟ್ಟು ಸಿಕ್ಕಿತು, ಕಳೆ ತೆಗೆದಳು, ಏಳು ಮೂಟೆ ಬಂತು ಅಂತಲೇ ಇಟ್ಟುಕೊಳ್ಳಿ. ಒಂದೂವರೆ ಕಟಪಿಲಾಕ್ಕೆ ಹೋಯಿತು. ಎಲ್ಲರಿಗೂ ಬೆಳೆ ಬಂದ ವರ್ಷ ಮೆಕ್ಕೆಜೋಳದ ಬೆಲೆ ಬಿದ್ದಿರುತ್ತದೆ, ಮೇಕೆಯ ಬೆಲೆ ಏರಿರುತ್ತದೆ. ಕತ್ತರಿ ಈಗ ಇನ್ನೊಂದು ಕಡೆಯಿಂದ ಕತ್ತರಿಸುತ್ತದೆ: ಹಿಂದಿನ ಜುಲೈನಲ್ಲಿ ಒಂದು ಮೂಟೆಗೆ ಕೊಟ್ಟ ಮೇಕೆಯನ್ನು ವಾಪಸ್ ತರಲು ಎರಡು ಮೂಟೆ ಬೇಕು. ಎರಡು ಮೂಟೆ ಕೊಟ್ಟರೆ ಡಿಸೆಂಬರ್ ಹೊತ್ತಿಗೆ ಹಿಟ್ಟು ಸಾಲದು. ಅವಳು ಒಂದು ಹೆಣ್ಣು ಮರಿ ತರುತ್ತಾಳೆ. ಅದು ಬೆಳೆದು, ಗಬ್ಬ ಕಟ್ಟಿ, ಐದು ತಿಂಗಳು ಹೊತ್ತು ಈಯಬೇಕು. ಎಲ್ಲ ಸರಿಹೋದರೆ ಕೊಟ್ಟಿಗೆಯಲ್ಲಿ ಮತ್ತೆ ಎರಡು ಮೇಕೆ ಕಾಣೋದು 2026ರ ನಡುವಿಗೆ.